ಉದ್ಯೋಗ ಪ್ರಶ್ನೋತ್ತರ: ಸೋಮವಾರ ಬಾರದವರು

ಪ್ರಶ್ನೆ: ನಾನು ಬಂಗಾರಪೇಟೆ ತಾಲ್ಲೂಕಿನವಳು. ಕೋಲಾರದಲ್ಲಿ ಬಿ.ಕಾಂ. ಮುಗಿಸಿ, ನರಸಾಪುರದ ಕಾರ್ಖಾನೆಗಳಿಗೆ ಕೆಲಸಗಾರರನ್ನು ಒದಗಿಸುವ ಏಜೆನ್ಸಿಯೊಂದರಲ್ಲಿ ಎರಡು ತಿಂಗಳಿಂದ ರಿಕ್ರೂಟರ್ ಆಗಿದ್ದೇನೆ. ತಿಂಗಳಿಗೆ 40 ಜನರನ್ನು ಸೇರಿಸಬೇಕೆಂಬ ಟಾರ್ಗೆಟ್ ಇದೆ. ಶನಿವಾರ "ಖಂಡಿತ ಬರ್ತೀನಿ ಮೇಡಂ" ಎಂದವರಲ್ಲಿ ಅರ್ಧದಷ್ಟು ಮಂದಿ ಸೋಮವಾರ ಫೋನನ್ನೇ ಎತ್ತುವುದಿಲ್ಲ. ಸಂಬಳವನ್ನು ಸ್ವಲ್ಪ ಏರಿಸಿ ಹೇಳಿ ಎಂದು ಕಚೇರಿಯ ಹಿರಿಯರು ಸೂಚಿಸುತ್ತಾರೆ. ಈ ಕೆಲಸದಲ್ಲಿ ಭವಿಷ್ಯವಿದೆಯೇ? ಮೊದಲು ಎಂ.ಬಿ.ಎ. ಮಾಡಬೇಕಿತ್ತೇ?
— ಹೆಸರು ಬೇಡ

ಉತ್ತರ: ಸೋಮವಾರ ಬಾರದವರ ಕಾರಣ ಬಹುಪಾಲು ಶನಿವಾರದ ಮಾತುಕತೆಯಲ್ಲೇ ಅಡಗಿರುತ್ತದೆ. ಅಲ್ಲಿ ಮೊದಲು ತಪ್ಪುವುದು ಸಂಬಳದ ಲೆಕ್ಕವಾದುದರಿಂದ ಅದನ್ನೇ ಮೊದಲು ನೋಡೋಣ. ಉದಾಹರಣೆಗೆ ಒಟ್ಟು ಸಂಬಳ 18,000 ರೂಪಾಯಿ, ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 13,000 ಎಂದಿಟ್ಟುಕೊಳ್ಳಿ. ಭವಿಷ್ಯ ನಿಧಿಗೆ ಶೇ. 12ರಂತೆ 1,560, ಕಾರ್ಮಿಕರ ಆರೋಗ್ಯ ವಿಮೆಯಾದ ಇ.ಎಸ್.ಐ.ಗೆ ಶೇ. 0.75ರಂತೆ 135, ಕ್ಯಾಂಟೀನಿಗೆ 600 ಮುರಿದರೆ ಕೈಗೆ ಬರುವುದು 15,705. ಮಾಲೀಕರು ತಮ್ಮ ಪಾಲಿನಿಂದ ಕಟ್ಟುವ ಭವಿಷ್ಯ ನಿಧಿಯ 1,560 ಹಾಗೂ ಇ.ಎಸ್.ಐ.ನ ಶೇ. 3.25ರಂತೆ 585 ಸೇರಿಸಿದರೆ ಅದೇ ಕೆಲಸಕ್ಕೆ 'ಸಿ.ಟಿ.ಸಿ. 20,145' (ಅಂದರೆ ಆ ಕೆಲಸಗಾರನಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಎಂದು ಪೋಸ್ಟರು ಅಚ್ಚಾಗುತ್ತದೆ. ಪೋಸ್ಟರಿಗೂ ಬ್ಯಾಂಕ್ ಖಾತೆಗೂ ನಡುವೆ 4,440 ರೂಪಾಯಿಯ ಅಂತರ! ಮೂರು ಅಂಕಿಗಳೂ ನಿಜವೇ. ಆದರೆ ಮುಳಬಾಗಿಲಿನಿಂದ ಬರುವ ಹುಡುಗನಿಗೆ ಬೇಕಾದದ್ದು ಕೈಗೆ ಬರುವ 15,705 ಮಾತ್ರ, ಅವನಿಗೆ ಹೇಳಲಾಗುವುದು ಮಾತ್ರ ಪೋಸ್ಟರಿನ 20,145.

ನಾನು ಈ ವೃತ್ತಿಗೆ ಬಂದ ಹೊಸತರಲ್ಲಿ ತುಮಕೂರಿನ ಅಂತರಸನಹಳ್ಳಿಯ ಕಾರ್ಖಾನೆಯೊಂದಕ್ಕೆ ಪಾವಗಡದ ಕಡೆಯಿಂದ 22 ಹುಡುಗರನ್ನು ಕರೆತಂದಿದ್ದೆ. ಹಾಸ್ಟೆಲ್ ಇದೆಯೆಂದು ಮೇಲಿನವರು ಹೇಳಿದ್ದನ್ನು, ಒಮ್ಮೆ ಹೋಗಿ ನೋಡದೆ, ನಾನೂ ಹೇಳಿಬಿಟ್ಟಿದ್ದೆ. ಇದ್ದದ್ದು ಶೀಟು ಹೊದಿಸಿದ ಒಂದು ಉಗ್ರಾಣ, ಹೊರಗೆ ಒಂದೇ ನಲ್ಲಿ. ವಾರದೊಳಗೆ ಎಂಟು ಮಂದಿ ಊರಿಗೆ ಮರಳಿದರು. ಅವರಲ್ಲೊಬ್ಬನ ತಂದೆ ನನ್ನ ಕಚೇರಿಗೆ ಬಂದು, ಬೈಯ್ಯದೆ, "ನಿಮ್ಮ ಮಾತಿನ ಮೇಲೆ ಎರಡು ಕುರಿ ಮಾರಿ ಕಳಿಸಿದ್ದೆ ಸ್ವಾಮಿ" ಎಂದಷ್ಟೇ ಹೇಳಿ ಹೋದರು. ಆ ಊರಿನಿಂದ ಮುಂದೆ ಮೂರು ವರ್ಷ ನನಗೆ ಒಬ್ಬನೇ ಒಬ್ಬ ಹುಡುಗ ಸಿಗಲಿಲ್ಲ. 2020ರ ಡಿಸೆಂಬರಿನಲ್ಲಿ ನಿಮ್ಮ ನರಸಾಪುರದ ಒಂದು ಕಾರ್ಖಾನೆಯಲ್ಲಿ ನಡೆದ ದಾಂಧಲೆ ನಿಮಗೆ ನೆನಪಿರಬಹುದು. ಹೇಳಿದ ಸಂಬಳಕ್ಕೂ ಬಂದ ಸಂಬಳಕ್ಕೂ ತಾಳೆಯಿಲ್ಲವೆಂಬುದೇ ಅಲ್ಲಿನ ಕೆಲಸಗಾರರ ದೂರಾಗಿತ್ತು. ಆದ್ದರಿಂದ ಹಿರಿಯರ ಸೂಚನೆಗೆ ಜಗಳವಾಡದೆ, "ಸರ್, ಕೈಗೆ ಬರುವ ಸಂಬಳವನ್ನೇ ಹೇಳಿ ಒಂದು ತಿಂಗಳು ನೋಡುತ್ತೇನೆ, ಎಷ್ಟು ಮಂದಿ ನಿಂತರು ಎಂದು ಲೆಕ್ಕ ಕೊಡುತ್ತೇನೆ" ಎಂದು ಕೇಳಿಕೊಳ್ಳಿ. ಜನ ನಿಲ್ಲದಿದ್ದರೆ ಕಾರ್ಖಾನೆಯವರು ಏಜೆನ್ಸಿಯ ಬಿಲ್ಲಿಗೇ ಕೈ ಹಾಕುತ್ತಾರೆಂಬುದು ಅವರಿಗೂ ಗೊತ್ತಿರುತ್ತದೆ.

ಸಂಬಳ ಸರಿಹೋದರೂ ಬಾರದವರು ಇದ್ದೇ ಇರುತ್ತಾರೆ. ಅವರಿಗಾಗಿ ಒಂದು ದಪ್ಪ ನೋಟ್‌ಬುಕ್ ಇಡಿ. ಎಕ್ಸೆಲ್ ಹಾಳೆ ಕಚೇರಿಗಾಯಿತು, ಈ ಪುಸ್ತಕ ನಿಮಗೆ. ಹೆಸರು, ನಂಬರಿನ ಜೊತೆಗೆ ಊರು, ಕಂಪನಿ ಬಸ್ಸು ನಿಲ್ಲುವ ಜಾಗ, ಅಲ್ಲಿಂದ ಮನೆಗೆ ಎಷ್ಟು ದೂರ, ಮನೆಯಲ್ಲಿ ಯಾರನ್ನು ಕೇಳಿ ಕಳಿಸಬೇಕು ಎಂಬಿಷ್ಟನ್ನು ಬರೆದುಕೊಳ್ಳಿ. ಎರಡನೇ ಪಾಳಿ ಮುಗಿಸಿದ ಹುಡುಗಿಯನ್ನು ಬಸ್ಸು ರಾತ್ರಿ ಹನ್ನೊಂದಕ್ಕೆ ಹೆದ್ದಾರಿಯಲ್ಲಿ ಇಳಿಸಿ ಹೋದರೆ, ಅಲ್ಲಿಂದ ಮೂರು ಕಿಲೋಮೀಟರ್ ಒಳಗಿರುವ ಹಳ್ಳಿಗೆ ಅವಳು ಹೋಗುವುದು ಹೇಗೆ? ಅವಳು ಶನಿವಾರ ನಿಮ್ಮ ಮುಂದೆ ತಲೆಯಾಡಿಸಿರುತ್ತಾಳೆ, ಭಾನುವಾರ ಅವಳ ತಾಯಿ ಬೇಡವೆಂದಿರುತ್ತಾರೆ. ಭಾನುವಾರ ಸಂಜೆ ನೀವು ಮಾಡುವ ಒಂದು ಫೋನ್ ಕರೆಯಲ್ಲಿ ಆ ತಾಯಿಯೊಡನೆಯೂ ಎರಡು ಮಾತನಾಡಿ, ಮೊದಲನೇ ಪಾಳಿಯೇ ಸಿಗುವುದಾದರೆ ಹಾಗೆಂದು ಹೇಳಿ, ಸಿಗದಿದ್ದರೆ ಅವಳ ಹೆಸರನ್ನು ಆ ಪಟ್ಟಿಯಿಂದ ತೆಗೆದು ಬೇರೆ ಕೆಲಸಕ್ಕೆ ಇಟ್ಟುಕೊಳ್ಳಿ. ಶ್ರೀನಿವಾಸಪುರದ ಮಾವಿನ ಕೊಯ್ಲಿನ ದಿನಗಳಲ್ಲಿ, ಟೊಮೆಟೊಗೆ ಒಳ್ಳೆಯ ಬೆಲೆ ಬಂದ ವಾರಗಳಲ್ಲಿ ನಿಮ್ಮ ಲೈನ್‌ಅಪ್, ಅಂದರೆ ಬರಲು ಒಪ್ಪಿದವರ ಪಟ್ಟಿ, ಬಡವಾಗುವುದು ಸಹಜ. ಅದನ್ನು ಕಾರ್ಖಾನೆಯವರಿಗೆ ತಿಂಗಳ ಮೊದಲೇ ತಿಳಿಸುವ ರಿಕ್ರೂಟರ್‌ಗೆ ಬೇರೆಯೇ ಬೆಲೆ.

ದಾಖಲೆಗಳನ್ನು ಸೇರುವ ದಿನಕ್ಕೆ ಬಿಡಬೇಡಿ. ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಮುಂದೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇಲ್ಲವೇ ಇಲ್ಲ ಎಂಬಂಥವರು ನಮ್ಮಲ್ಲಿ ಬೇಕಾದಷ್ಟು. ಇದರಿಂದ ಭವಿಷ್ಯ ನಿಧಿ (ಪಿ.ಎಫ್.) ಖಾತೆಯ ಕೆಲಸ ತಡವಾಗಿ, ಕೆಲವೊಮ್ಮೆ ಮೊದಲ ಸಂಬಳವೂ ತಡವಾದಾಗ, ಬೈಗುಳ ತಿನ್ನುವವರು ನೀವೇ. ಇನ್ನೊಂದು ಮಾತು: ಅಭ್ಯರ್ಥಿಗಳ ಆಧಾರ್ ಪ್ರತಿಯನ್ನು ವಾಟ್ಸಾಪ್ ಗುಂಪಿಗೆ ಹಾಕುವ ಅಭ್ಯಾಸ ನಿಮ್ಮ ಕಚೇರಿಯಲ್ಲಿದ್ದರೆ ನೀವು ಅದರಲ್ಲಿ ಸೇರಬೇಡಿ, ಖಾಸಗಿ ಮಾಹಿತಿಯ ರಕ್ಷಣೆಗೆಂದೇ 2023ರಲ್ಲಿ ಕೇಂದ್ರದ ಕಾಯ್ದೆಯಾಗಿದೆ.

ಎಂ.ಬಿ.ಎ. ವಿಚಾರ. ಎರಡು ವರ್ಷ ಇಲ್ಲೇ ದುಡಿದು, ಆಮೇಲೆ ಓದಿದರೆ ತರಗತಿಯಲ್ಲಿ ಹೇಳುವುದೆಲ್ಲ ನಿಮಗೆ ಅರ್ಥವಾಗುತ್ತದೆ. ಕಾರ್ಖಾನೆಯ ಎಚ್.ಆರ್. ವಿಭಾಗವನ್ನೇ ಸೇರುವ ಆಸೆಯಿದ್ದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯಾದ ಎಂ.ಎಸ್.ಡಬ್ಲ್ಯೂ. ಕೂಡ ಒಳ್ಳೆಯ ದಾರಿ. ಬೆಂಗಳೂರಿನ ಐ.ಟಿ. ನೇಮಕಾತಿಗೆ ಆತುರಪಟ್ಟು ಈಗಲೇ ಜಿಗಿಯಬೇಡಿ. ಅಲ್ಲಿ 60, 90 ದಿನಗಳ ನೋಟಿಸ್ ಅವಧಿಯಿರುವವರು ಕೈಯಲ್ಲಿ ಎರಡು ಆಫರ್ ಇಟ್ಟುಕೊಂಡು ನಿಮ್ಮನ್ನು ಕಾಯಿಸುತ್ತಾರೆ. ಸೋಮವಾರ ಬಾರದವರು ಅಲ್ಲಿಯೂ ಇದ್ದಾರೆ, ಇಂಗ್ಲಿಷಿನಲ್ಲಿ ಬರುವುದಿಲ್ಲ, ಅಷ್ಟೆ.

ಪ್ರಶ್ನೆ: ತುಮಕೂರಿನ ವಸಂತನರಸಾಪುರದಲ್ಲಿ ಹನ್ನೊಂದು ವರ್ಷಗಳಿಂದ ಪ್ರೊಡಕ್ಷನ್ ಸೂಪರ್‌ವೈಸರ್ ಆಗಿದ್ದೇನೆ. ಸುತ್ತಲಿನ ಕಾರ್ಖಾನೆಗಳವರ ಪರಿಚಯವಿದೆ. ಮೂರು ಲಕ್ಷ ರೂಪಾಯಿ ಉಳಿತಾಯದಲ್ಲಿ ಸ್ವಂತ ನೇಮಕಾತಿ ಕನ್ಸಲ್ಟೆನ್ಸಿ ತೆರೆಯಬಹುದೇ?
— ಓದುಗ, ತುಮಕೂರು

ಉತ್ತರ: ತೆರೆಯಬಹುದು, ಆದರೆ ಯಾವ ಬಗೆಯದು ಎಂಬುದರ ಮೇಲೆ ಆ ಮೂರು ಲಕ್ಷದ ಹಣೆಬರಹ ನಿಂತಿದೆ. ಜನರನ್ನು ಹುಡುಕಿಕೊಟ್ಟು ಶುಲ್ಕ ಪಡೆಯುವುದು ಒಂದು ವ್ಯವಹಾರ. ಇದರಲ್ಲಿ ವಾರ್ಷಿಕ ಸಂಬಳದ ಶೇ. 8.33, ಅಂದರೆ ಒಂದು ತಿಂಗಳ ಸಂಬಳದಷ್ಟನ್ನು ಕೇಳುವ ರೂಢಿಯಿದೆ. ಸೇರಿದವರು ಒಪ್ಪಿದ ಅವಧಿಯೊಳಗೆ, ಸಾಮಾನ್ಯವಾಗಿ 90 ದಿನಗಳೊಳಗೆ, ಬಿಟ್ಟರೆ ಬದಲಿ ವ್ಯಕ್ತಿಯನ್ನು ಶುಲ್ಕವಿಲ್ಲದೆ ಕೊಡಬೇಕು. ಒಂದು ಲ್ಯಾಪ್‌ಟಾಪು, ಒಂದು ಜಾಬ್ ಪೋರ್ಟಲಿನ ಚಂದಾ, ಆರು ತಿಂಗಳ ಮನೆ ಖರ್ಚು ಇಷ್ಟಕ್ಕೆ ನಿಮ್ಮ ಹಣ ಸಾಕಾದೀತು.

ಕೆಲಸಗಾರರನ್ನು ನಿಮ್ಮ ಹೆಸರಿನಲ್ಲೇ ಇಟ್ಟುಕೊಂಡು ಕಾರ್ಖಾನೆಗೆ ಒದಗಿಸುವ ಗುತ್ತಿಗೆ ಮತ್ತೊಂದು ವ್ಯವಹಾರ, ಸ್ನೇಹಿತರು ನಿಮ್ಮನ್ನು ಎಳೆಯುವುದು ಇದಕ್ಕೇ. ಮೇಲೆ ಹೇಳಿದ 20,145ರ ಲೆಕ್ಕದಲ್ಲೇ 50 ಜನರಿಗೆ ತಿಂಗಳಿಗೆ ಹತ್ತು ಲಕ್ಷ ದಾಟುತ್ತದೆ. ಸಂಬಳವನ್ನು ನೀವು ಮುಂದಿನ ತಿಂಗಳ 7ರೊಳಗೆ ಕೊಡಲೇಬೇಕು, ಕಾರ್ಖಾನೆಯ ಹಣ ಬರುವುದು ಬಿಲ್ಲು ಕೊಟ್ಟು 45 ದಿನಕ್ಕೋ 60 ದಿನಕ್ಕೋ. ನಡುವಿನ ಹಳ್ಳವನ್ನು ಬಡ್ಡಿ ಸಾಲದಿಂದ ತುಂಬಿ, ಭವಿಷ್ಯ ನಿಧಿ ಕಟ್ಟುವುದನ್ನು ಮುಂದೂಡಿ, ಕೊನೆಗೆ ನೋಟಿಸು ಹಿಡಿದು ನನ್ನ ಬಳಿ ಬಂದ ಸೂಪರ್‌ವೈಸರುಗಳನ್ನು ಕಂಡಿದ್ದೇನೆ. ಗುತ್ತಿಗೆಗೆ ಕಾರ್ಮಿಕ ಇಲಾಖೆಯ ಪರವಾನಗಿಯ ಪ್ರಶ್ನೆಯೂ ಇದೆ; ಇದನ್ನು ಐದು ವರ್ಷದ ನಂತರದ ಮಾತಾಗಿ ಇಡಿ.

ಸಣ್ಣ ಉದ್ದಿಮೆಗಳಿಗೆಂದು ಕೇಂದ್ರ ಸರ್ಕಾರ ಮಾಡುವ ಉದ್ಯಮ್ ನೋಂದಣಿಯನ್ನು ಮಾತ್ರ ಮೊದಲ ದಿನವೇ ಮಾಡಿಸಿ. ಸಣ್ಣ ಉದ್ದಿಮೆಗಳಿಗೆ ಬಾಕಿಯನ್ನು ಗರಿಷ್ಠ 45 ದಿನಗಳೊಳಗೆ ಕೊಡಬೇಕೆಂಬ 2006ರ ಕಾಯ್ದೆಯ ಆಸರೆ ಅದರಿಂದ ದೊರೆಯುತ್ತದೆ. ಸೇವಾ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿ.ಎಸ್.ಟಿ. ನೋಂದಣಿ ಕಡ್ಡಾಯ. ಕೆಲಸ ಹುಡುಕುವವರಿಂದ 'ಫಾರಂ ಶುಲ್ಕ' ಎಂದು 200 ರೂಪಾಯಿಯನ್ನೂ ಮುಟ್ಟಬೇಡಿ. ತುಮಕೂರಿನಂಥ ಊರಿನಲ್ಲಿ ಆ ಸುದ್ದಿ ನಿಮಗಿಂತ ಮೊದಲು ಬಸ್ ನಿಲ್ದಾಣ ಸೇರುತ್ತದೆ. ಗಲ್ಫ್ ದೇಶಗಳಿಗೆ ಜನ ಕಳಿಸುವ ಪ್ರಸ್ತಾಪ ಬಂದರೆ, 1983ರ ವಲಸೆ ಕಾಯ್ದೆಯಡಿ ನೋಂದಣಿಯಿಲ್ಲದೆ ಅದನ್ನು ಮಾಡುವುದು ಅಪರಾಧವೆಂದು ತಿಳಿದಿರಿ.

ಪ್ರಶ್ನೆ: ನಾನು ಚಿಂತಾಮಣಿಯವನು, ಮನೆಮಾತು ತೆಲುಗು, ಇಂಗ್ಲಿಷ್ ಅಷ್ಟಕ್ಕಷ್ಟೆ. ನೇಮಕಾತಿ ಕೆಲಸ ನನಗೆ ಒಗ್ಗೀತೇ?
— ಓದುಗ, ಚಿಂತಾಮಣಿ

ಉತ್ತರ: ಗೌರಿಬಿದನೂರು, ಬಾಗೇಪಲ್ಲಿ, ಮುಳಬಾಗಿಲು ಕಡೆಯ ಅಭ್ಯರ್ಥಿಗಳೊಡನೆ ಕನ್ನಡದಲ್ಲೂ ತೆಲುಗಿನಲ್ಲೂ ಸಲೀಸಾಗಿ ಮಾತನಾಡಬಲ್ಲವರನ್ನು ಅಲ್ಲಿನ ಏಜೆನ್ಸಿಗಳು ಹುಡುಕುತ್ತಿರುತ್ತವೆ, ಅಳುಕದೆ ಅರ್ಜಿ ಹಾಕಿ. ಇಂಗ್ಲಿಷಿನಲ್ಲಿ ಸದ್ಯಕ್ಕೆ ಬೇಕಾದದ್ದು ಕಾರ್ಖಾನೆಯವರು ಕಳಿಸುವ ಹುದ್ದೆಯ ವಿವರವನ್ನು ಓದಿ ತಿಳಿಯುವುದು ಮತ್ತು "ಇಂದು ಹನ್ನೆರಡು ಜನರನ್ನು ಕಳಿಸಿದ್ದೇವೆ, ಒಂಬತ್ತು ಮಂದಿ ಸೇರಿದ್ದಾರೆ, ಉಳಿದ ಮೂವರು ಬಾರದಿರಲು ಕಾರಣ ಇಂತಿದೆ" ಎಂಬ ಐದು ಸಾಲಿನ ಇಮೇಲ್ ಬರೆಯುವುದು. ದಿನಕ್ಕೊಂದರಂತೆ ಬರೆದು ಯಾರಿಂದಲಾದರೂ ತಿದ್ದಿಸಿಕೊಂಡರೆ ಎರಡು ತಿಂಗಳಲ್ಲಿ ಅಷ್ಟು ಕೈಗೂಡುತ್ತದೆ.