ಅಳ್ನಾವರ–ದಾಂಡೇಲಿ ಲೈನ್ ಬಗ್ಗೆ

ಅಳ್ನಾವರದಿಂದ ದಾಂಡೇಲಿ ಕಡೆ ಹೋಗೋ ಹಳೇ ರೈಲು ಲೈನ್ ಇನ್ನೂ ಇದೆಯಾ, ಅದು ಮೊದಲು ಮೀಟರ್‌ಗೇಜ್ ಆಗಿತ್ತಾ ಅಂತ ಕೇಳಿದ್ದೀರಲ್ಲ ಸರ್, ಎರಡಕ್ಕೂ ಹೌದು. ಸುಮಾರು 25 ಕಿ.ಮೀ. ಕವಲು ದಾರಿ ಅದು. ಜನರಿಗಿಂತ ಜಾಸ್ತಿ ಕಾಡಿನ ಮರಕ್ಕಾಗಿ ಹಾಕಿದ್ದು, ಆಮೇಲೆ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಬಂದ ಮೇಲೆ ಅದರ ಸರಕಿಗೂ ಉಪಯೋಗಕ್ಕೆ ಬಂತು. ಗೇಜ್ ಅಂದ್ರೆ ಎರಡು ಹಳಿಗಳ ನಡುವಿನ ಅಂತರ; ಹಳೇ ಮೀಟರ್‌ಗೇಜ್‌ನಲ್ಲಿ ಅದು 1,000 ಮಿ.ಮೀ., ಈಗಿನ ಬ್ರಾಡ್‌ಗೇಜ್ 1,676 ಮಿ.ಮೀ. ಗೇಜ್ ಬದಲಾಯಿಸೋದು ಅಂದ್ರೆ ಸುಮ್ನೆ ಹಳಿ ಸರಿಸೋದಲ್ಲ. ಸ್ಲೀಪರ್ (ಹಳಿ ಕೆಳಗಿನ ಅಡ್ಡ ದಿಮ್ಮಿ), ಸೇತುವೆ, ಪ್ಲಾಟ್‌ಫಾರ್ಮ್ ಎಲ್ಲಕ್ಕೂ ಕೈ ಹಾಕಬೇಕು. ಅದಕ್ಕೇ ಸಣ್ಣ ಲೈನ್‌ಗಳ ಸರದಿ ಕೊನೆಗೆ ಬರುತ್ತದೆ.

ಪ್ರಯಾಣಿಕರ ಗಾಡಿ ಎರಡು ದಶಕಕ್ಕೂ ಹೆಚ್ಚು ಕಾಲ ನಿಂತುಹೋಗಿತ್ತು, ನವೆಂಬರ್ 2019ರಲ್ಲಿ ಮತ್ತೆ ಶುರುವಾಯಿತು. ಆದರೆ ಅದು ಹೋಗ್ತಿದ್ದದ್ದು ಅಂಬೇವಾಡಿ ತನಕ, ದಾಂಡೇಲಿ ಪೇಟೆಯ ಮಧ್ಯಕ್ಕಲ್ಲ. ಅಲ್ಲಿಂದ ಆಟೋ ಹಿಡಿಯಬೇಕಿತ್ತು. ಹೊರಡೋ ಮುಂಚೆ ಈಗ ಗಾಡಿ ಓಡ್ತಿದೆಯಾ ಅಂತ ಇವತ್ತಿನ ವೇಳಾಪಟ್ಟಿ ನೋಡ್ಕೊಳ್ಳಿ, ಇಂಥ ಲೈನ್‌ಗಳಲ್ಲಿ ಸಮಯ ಆಗಾಗ ಬದಲಾಗುತ್ತದೆ. ನನ್ನ ಕೇಳಿದ್ರೆ ಮಳೆ ನಿಂತ ಮೇಲೆ ಹೋಗಿ, ಕಾಡು ಹಸಿರಾಗಿರುತ್ತದೆ. ಹಳೇ ಗಾಡಿಗಳನ್ನೇ ನೋಡಬೇಕಂದ್ರೆ ಹುಬ್ಬಳ್ಳಿಯ ರೈಲ್ವೆ ಮ್ಯೂಸಿಯಂಗೂ ಒಂದು ಸುತ್ತು ಹಾಕಿ, ಅದು 2020ರಲ್ಲಿ ತೆರೆದದ್ದು.