ಪ್ರತಿಕ್ರಿಯೆ: ಟಿಬಿ ಮಾತ್ರೆ ಜೊತೆ ನೆಲನೆಲ್ಲಿ, ಅಮೃತಬಳ್ಳಿ ಕೊಡಬಹುದೇ?

ನಿಮ್ಮ ತಂದೆಯವರು ಟಿಬಿ ಮಾತ್ರೆ ಶುರುಮಾಡಿ ಮೂರು ವಾರ, ಲಿವರ್ ಕೆಡದಿರಲೆಂದು ನೆಲನೆಲ್ಲಿ ರಸ, ಅಮೃತಬಳ್ಳಿ ಕಷಾಯ ಕೊಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಎರಡೂ ಬೇಡ.

ನೆಲನೆಲ್ಲಿಯ ಫಿಲಾಂಥಿನ್, ಕಟುಕರೋಹಿಣಿಯ ಪಿಕ್ರೋಸೈಡ್, ಮಿಲ್ಕ್ ಥಿಸಲ್ ಎಂಬ ವಿದೇಶಿ ಗಿಡದ ಸಿಲಿಮರಿನ್ ಎಂಬ ಸತ್ವಗಳು ಇಲಿಗಳ ಲಿವರ್ ಕಾಪಾಡಿದ್ದು ನಿಜ. ಆದರೆ ಅಂಥ ಪ್ರಯೋಗಗಳಲ್ಲಿ ಹೆಚ್ಚಾಗಿ ಲಿವರ್ ಕೆಡಿಸುವ ವಿಷ ಕೊಡುವ ಮೊದಲೇ ಸಾರ ಕುಡಿಸಿರುತ್ತಾರೆ. ಟಿಬಿ ರೋಗಿಗಳಿಗೆ ಸಿಲಿಮರಿನ್ ಕೊಟ್ಟು ನೋಡಿದಾಗ ಫಲಿತಾಂಶ ಒಂದೇ ಥರ ಬಂದಿಲ್ಲ. ಅಮೃತಬಳ್ಳಿಯದಂತೂ ಉಲ್ಟಾ: ಅದನ್ನು ಸೇವಿಸಿದವರಲ್ಲೇ ಲಿವರ್ ಊತ ಕಂಡದ್ದನ್ನು 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದ್ದಾರೆ. ಅರಿಶಿನ-ಕಾಳುಮೆಣಸಿನ ಕ್ಯಾಪ್ಸೂಲೂ ಬೇಡ, ಮೆಣಸಿನ ಪೈಪರಿನ್ ಎಂಬ ಅಂಶ ಟಿಬಿ ಔಷಧಿ ರಿಫಾಂಪಿಸಿನ್ ರಕ್ತಕ್ಕೆ ಸೇರುವ ಪ್ರಮಾಣವನ್ನೇ ಏರಿಸುತ್ತದೆ. ಸಾರು-ಪಲ್ಯಕ್ಕೆ ಹಾಕುವಷ್ಟಕ್ಕೆ ಅಡ್ಡಿಯಿಲ್ಲ. ಕಷಾಯ ನಡುವೆ ಬಂದರೆ, ನಾಳೆ ಎಎಲ್‌ಟಿ (ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವ) ಏರಿದಾಗ ಕಾರಣ ಮಾತ್ರೆಯೋ ಬಳ್ಳಿಯೋ ಎಂದು ವೈದ್ಯರಿಗೂ ಗೊತ್ತಾಗುವುದಿಲ್ಲ.

ಲಿವರ್ ಟೆಸ್ಟ್ ಈಗಲೇ ಒಮ್ಮೆ ಮಾಡಿಸಿ. ಎಎಲ್‌ಟಿಗೆ ಲ್ಯಾಬಿನ ಮೇಲ್ಮಿತಿ 40 ಇದ್ದರೆ, ವಾಂತಿ, ಹಸಿವಿಲ್ಲದಿರುವಿಕೆ, ಹೊಟ್ಟೆನೋವಿನ ಜೊತೆ ಎಎಲ್‌ಟಿ 120 ದಾಟಿದರೆ, ಅಥವಾ ಯಾವ ಲಕ್ಷಣವಿಲ್ಲದೆಯೂ 200 ದಾಟಿದರೆ ವೈದ್ಯರು ಮಾತ್ರೆ ನಿಲ್ಲಿಸಿ, ಇಳಿದ ಮೇಲೆ ಒಂದೊಂದಾಗಿ ಮತ್ತೆ ಶುರುಮಾಡುತ್ತಾರೆ.

ಮೂತ್ರದ ಬಣ್ಣ ನೋಡಿ ಗಾಬರಿಯಾಗಬೇಡಿ. ರಿಫಾಂಪಿಸಿನ್‌ನಿಂದ ಅದು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಕಣ್ಣೀರೂ ಹಾಗೆಯೇ. ಬೆಳಗಿನ ಬಿಸಿಲಲ್ಲಿ ನಿಲ್ಲಿಸಿ ಕಣ್ಣಿನ ಬಿಳಿಭಾಗ ನೋಡಿ. ಅದು ಹಳದಿಯಾಗಿದ್ದರೆ ಮುಂದಿನ ಡೋಸ್‌ಗೆ ಮೊದಲು, ಅದೇ ದಿನ, ವೈದ್ಯರನ್ನು ಕಾಣಿ. ಮದ್ಯ ಪೂರ್ತಿ ಬಿಡಿಸಿ. ಜ್ವರ ಬಂದರೆ ಪ್ಯಾರಸಿಟಮಾಲ್ ಕೂಡ ಕೇಳಿಯೇ ಕೊಡಿ.