ಕಾಂಬೋಡಿಯಾದ ಜನ ಮೈಗಳ್ಳರು, ಛಲ ಇಲ್ಲದವರು ಅಂತ ವಿದೇಶಿಯರು ಹೇಳುವುದು ನಿಜವಾ?

ನೀವು ಕೇಳಿದ್ದು ಇದು: ಕಾಂಬೋಡಿಯಾದ ರಾಜಧಾನಿ ಫ್ನೋಮ್ ಪೆನ್ ಹತ್ತಿರದ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ನಿಮಗೆ ಕೆಲಸ ಸಿಕ್ಕಿದೆ. ಈಗಾಗಲೇ ಅಲ್ಲಿರುವ ವಿದೇಶಿಯರು "ಇಲ್ಲಿನವರು ಮೈಗಳ್ಳರು, ಸ್ವಲ್ಪ ಕಷ್ಟ ಆದರೂ ಬಿಟ್ಟು ಹೋಗುತ್ತಾರೆ" ಅಂತ ಹೇಳಿದ್ದಾರೆ. ಅದು ನಿಜವಾ, ಇಂಥವರ ಜೊತೆ ಕೆಲಸ ಮಾಡುವುದು ಹೇಗೆ ಅಂತ ನಿಮ್ಮ ಆತಂಕ.

ನಂಬಬೇಡಿ. ನಾನು ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್‌ನಲ್ಲಿ ಕೆಲಸ ಕಲಿತು, ಆಮೇಲೆ ಕೆಲವು ವರ್ಷ ಕಾಂಬೋಡಿಯಾದಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೆ. ಈ ಮಾತನ್ನು ನಾನೂ ಊಟದ ಮೇಜಿನಲ್ಲಿ ಬಹಳ ಸಲ ಕೇಳಿದ್ದೇನೆ. ಯಾವಾಗ ಕೇಳಿದರೂ ಹೇಳುತ್ತಿದ್ದವರು ಸಂಬಳ ಕೊಡುವ ಕಡೆಯವರೇ ಆಗಿರುತ್ತಿದ್ದರು. ಮಾಲೀಕರು ಹೆಚ್ಚಾಗಿ ಚೀನಾ, ತೈವಾನ್, ಹಾಂಗ್‌ಕಾಂಗ್, ಕೊರಿಯಾದವರು. ಮಧ್ಯದ ಹುದ್ದೆಗಳಲ್ಲಿ ಫಿಲಿಪೀನ್ಸ್, ಶ್ರೀಲಂಕಾದವರು, ನಮ್ಮವರು. ಇವರಿಗೆ ಕಾಣುವುದು ಬೆಳಿಗ್ಗೆ ಮಿಷನ್ ಶುರುವಾದಾಗಿಂದ ಸಂಜೆ ನಿಲ್ಲುವವರೆಗಿನ ಹೊಲಿಗೆ ಲೈನ್ ಮಾತ್ರ. ಆ ಟೈಲರ್ ಹುಡುಗಿ ಎಷ್ಟು ಗಂಟೆಗೆ ಎದ್ದಳು, ಏನು ತಿಂದಳು, ಟ್ರಕ್ಕಿನ ಹಿಂದೆ ನಿಂತುಕೊಂಡು ಎಷ್ಟು ದೂರದಿಂದ ಬಂದಳು ಅನ್ನುವುದು ಅವರ ಲೆಕ್ಕದಲ್ಲಿ ಇರುವುದೇ ಇಲ್ಲ. ನಮ್ಮಲ್ಲೂ ಮದ್ದೂರು, ಚನ್ನಪಟ್ಟಣದ ಕಡೆಯಿಂದ ನಸುಕಿನಲ್ಲೇ ಹೊರಟು ಬರುವ ಹೆಂಗಸರಿದ್ದಾರೆ, ನಿಮಗೆ ಗೊತ್ತಿರುತ್ತದೆ.

"ಕೆಲಸದ ಮಧ್ಯೆ ತಲೆ ತಿರುಗಿ ಬೀಳುತ್ತಾರೆ, ನಾಟಕ" ಅಂತ ಒಬ್ಬರು ನಿಮಗೆ ಹೇಳಿಯೇ ಹೇಳುತ್ತಾರೆ. 2011ರಿಂದ ಕೆಲವು ವರ್ಷ ಅಲ್ಲಿನ ಫ್ಯಾಕ್ಟರಿಗಳಲ್ಲಿ ಹೀಗೆ ಗುಂಪುಗುಂಪಾಗಿ ಮೂರ್ಛೆ ಹೋಗುವುದು ದೊಡ್ಡ ಸುದ್ದಿಯಾಗಿತ್ತು. ಕೆಲವು ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಜನ ಹೀಗೆ ಬಿದ್ದರು. ಕಾರಣ ಹುಡುಕಿದಾಗ ಸಿಕ್ಕಿದ್ದು ಸೆಖೆ, ಗಾಳಿಯಾಡದ ಶೆಡ್ಡು, ರಾಸಾಯನಿಕದ ವಾಸನೆ, ಜಾಸ್ತಿ ಓವರ್‌ಟೈಮ್, ಮತ್ತೆ ಹೊಟ್ಟೆಗೆ ಸಾಲದ ಊಟ. ಊರಿಗೆ ದುಡ್ಡು ಕಳಿಸಬೇಕು ಅಂತ ಬೆಳಗಿನ ತಿಂಡಿ ಬಿಟ್ಟು ಮಿಷನ್ ಮುಂದೆ ಕೂತವರು ಅವರು. ಬೀಳುವವರೆಗೆ ಹೊಲಿಗೆ ನಿಲ್ಲಿಸದವರನ್ನು ಮೈಗಳ್ಳರು ಅನ್ನಲು ನನ್ನ ಬಾಯಿ ಬರುವುದಿಲ್ಲ.

ಇನ್ನು ಕೆಲಸ ಬಿಟ್ಟು ಹೋಗುವ ಮಾತು. ಹೌದು, ಬಿಡುತ್ತಾರೆ. ಒಬ್ಬಳು ಹೋದರೆ ಅವಳ ಊರಿನ ನಾಲ್ಕು ಜನ ಜೊತೆಗೇ ಹೋಗುತ್ತಾರೆ. ಇದನ್ನು ಛಲವಿಲ್ಲದ್ದು ಅಂತ ಓದುವವರು ಒಂದು ಕೂಡುವ ಕಳೆಯುವ ಲೆಕ್ಕ ಹಾಕುವುದಿಲ್ಲ. ಗಾರ್ಮೆಂಟ್ಸ್‌ನ ಕನಿಷ್ಠ ಸಂಬಳ 2014ರಲ್ಲಿ ತಿಂಗಳಿಗೆ 100 ಡಾಲರ್, 2018ರಲ್ಲಿ 170, 2025ರಲ್ಲಿ 208. ಅದರ ಮೇಲೆ ಒಂದು ದಿನವೂ ತಪ್ಪದೆ ಬಂದರೆ 10 ಡಾಲರ್ ಹಾಜರಿ ಬೋನಸ್, ಬಾಡಿಗೆ ಮತ್ತು ಓಡಾಟಕ್ಕೆ 7 ಡಾಲರ್. ಅನುಭವಕ್ಕೆ ಸಿಗುವುದು ಕೆಲವೇ ಡಾಲರ್. ಎಷ್ಟೋ ಕಡೆ ಕೆಲಸದ ಕರಾರು ಕೆಲವು ತಿಂಗಳಿನದ್ದು ಮಾತ್ರ. ಬಸುರಿಯಾದರೆ ಮುಂದಿನ ಕರಾರು ಸಿಗುತ್ತದೋ ಇಲ್ಲವೋ ಅನ್ನುವ ಹೆದರಿಕೆ ಬೇರೆ. ಮೂರು ತಿಂಗಳಿಗೊಮ್ಮೆ ನಿಮ್ಮನ್ನು ಬಿಡಲು ತಯಾರಿರುವ ಕಂಪನಿಗೆ ನೀವು ಮೂರು ವರ್ಷ ನಿಷ್ಠರಾಗಿರಬೇಕು ಅಂದರೆ ಹೇಗೆ? ಪಕ್ಕದ ಫ್ಯಾಕ್ಟರಿಯಲ್ಲಿ ಓವರ್‌ಟೈಮ್ ಸರಿಯಾಗಿ ಸಿಗುತ್ತದೆ, ಸೂಪರ್‌ವೈಸರ್ ಬೈಯುವುದಿಲ್ಲ ಅಂದರೆ ಹೋಗುವುದೇ ಸರಿಯಾದ ನಿರ್ಧಾರ. ಬೆಂಗಳೂರಿನ ಐಟಿ ಹುಡುಗರು ಮಾಡಿದರೆ ನಾವು ಅದನ್ನು ಕರಿಯರ್ ಅನ್ನುತ್ತೇವೆ.

ಇನ್ನೂ ಒಂದಿದೆ, ಸಾಲ. ಹಳ್ಳಿಯ ಎಷ್ಟೋ ಮನೆಗಳು ಜಮೀನಿನ ಪತ್ರ ಅಡವಿಟ್ಟು ಮೈಕ್ರೋಫೈನಾನ್ಸ್ ಸಾಲ ತೆಗೆದಿವೆ. ಕಂತು ತಪ್ಪಿದರೆ ಗದ್ದೆ ಹೋಗುತ್ತದೆ. 2017ರಲ್ಲಿ ಸರ್ಕಾರ ಬಡ್ಡಿಗೆ ವರ್ಷಕ್ಕೆ ಶೇ. 18ರ ಮಿತಿ ಹಾಕಿತು, ಆದರೂ ಸಾಲದ ಭಾರ ಇಳಿದಿಲ್ಲ. ಆ ಕಂತನ್ನು ತಿಂಗಳು ತಿಂಗಳು ಕಟ್ಟುತ್ತಿರುವುದು ನೀವು ನೋಡಲಿರುವ ಲೈನಿನ ಹೆಣ್ಣುಮಕ್ಕಳೇ. ಛಲ ನೋಡಬೇಕಾದರೆ ಅಲ್ಲಿ ನೋಡಿ.

ಹಬ್ಬದ ರಜೆಯ ಬಗ್ಗೆಯೂ ದೂರು ಕೇಳುತ್ತೀರಿ. ಏಪ್ರಿಲ್ ಮಧ್ಯದಲ್ಲಿ ಅವರ ಹೊಸ ವರ್ಷ, ನಮ್ಮ ಕರಾವಳಿಯ ಬಿಸು ಬರುವ ಹೊತ್ತಿಗೇ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಪ್ಚುಮ್ ಬೆನ್, ಹಿರಿಯರಿಗೆ ಎಡೆ ಇಡುವ ಹದಿನೈದು ದಿನ. ನಮ್ಮ ಪಿತೃಪಕ್ಷದ ಕಾಲವೇ ಅದು, ಅಮಾವಾಸ್ಯೆಗೆ ಮುಗಿಯುತ್ತದೆ. ಸತ್ತವರು ಹಸಿದುಕೊಂಡು ಬರುತ್ತಾರೆ, ದೇವಸ್ಥಾನದಲ್ಲಿ ತಮ್ಮ ಮನೆಯವರನ್ನು ಹುಡುಕುತ್ತಾರೆ ಅನ್ನುವ ನಂಬಿಕೆ. 1975ರಿಂದ 1979ರವರೆಗೆ ಖ್ಮೇರ್ ರೂಜ್ ಅನ್ನುವ ಕಮ್ಯುನಿಸ್ಟರ ಆಳ್ವಿಕೆಯಲ್ಲಿ ಹಸಿವು, ಕಾಯಿಲೆ, ಕೊಲೆಗಳಿಂದ ಸುಮಾರು 17ರಿಂದ 20 ಲಕ್ಷ ಜನ ಸತ್ತ ದೇಶ ಅದು. ಆಗಿನ ಒಟ್ಟು ಜನಸಂಖ್ಯೆ ಸುಮಾರು 80 ಲಕ್ಷ. ಅಂದರೆ ಬಹುಪಾಲು ಮನೆಗಳಲ್ಲಿ ಆ ಕಾಲದಲ್ಲಿ ಹೋದ ಒಬ್ಬರಾದರೂ ಇದ್ದಾರೆ, ಎಷ್ಟೋ ಜನರಿಗೆ ಸಮಾಧಿಯೂ ಇಲ್ಲ. ಆ ಅನ್ನ ಇಡಲು ಊರಿಗೆ ಹೋಗುವವರನ್ನು ತಡೆದು "ಶಿಪ್‌ಮೆಂಟ್ ಇದೆ" ಅನ್ನಬೇಡಿ.

ಆ ನಾಲ್ಕು ವರ್ಷದ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು, ಯಾಕೆಂದರೆ ಕೆಲಸ ಅನ್ನುವುದಕ್ಕೇ ಅಲ್ಲಿ ಒಂದು ಗಾಯ ಇದೆ. ಖ್ಮೇರ್ ರೂಜ್‌ನವರು ಪಟ್ಟಣಗಳನ್ನು ಖಾಲಿ ಮಾಡಿಸಿ ಎಲ್ಲರನ್ನೂ ಗದ್ದೆಗೆ, ಕಾಲುವೆ ತೋಡಲು ಅಟ್ಟಿದರು. ಹೆಕ್ಟೇರಿಗೆ ಮೂರು ಟನ್ ಭತ್ತ ಅವರ ಗುರಿ. ಬೆಳೆದದ್ದನ್ನು ಹೊತ್ತೊಯ್ದು, ಬೆಳೆದವರಿಗೆ ಗಂಜಿ ಕೊಟ್ಟರು. ಜಾಣತನ ತೋರಿಸಿದವರು, ಓದಿದವರು, ಎದುರು ಮಾತಾಡಿದವರು ಉಳಿಯಲಿಲ್ಲ. ಸುಮ್ಮನೆ ತಲೆ ತಗ್ಗಿಸಿದವರು ಕೆಲವರು ಉಳಿದರು. ನಮ್ಮ ಫ್ಲೋರಿನಲ್ಲಿ ಕಸ ಗುಡಿಸುತ್ತಿದ್ದ ಒಬ್ಬ ಅಜ್ಜಿ ಆ ಕಾಲ ಕಂಡವರು. ಮಗಳಿಗೆ ಅವರು ಹೇಳಿಕೊಟ್ಟಿದ್ದು ಒಂದೇ: ಯಾರ ಕಣ್ಣಿಗೂ ಬೀಳಬೇಡ. ಆ ಮಗಳು ಒಳ್ಳೆಯ ಟೈಲರ್. ಸೂಪರ್‌ವೈಸರ್ ಮಾಡುತ್ತೇವೆ ಅಂದರೆ ಒಪ್ಪಲಿಲ್ಲ. ಮ್ಯಾನೇಜರ್ ಅದನ್ನು "ಮಹತ್ವಾಕಾಂಕ್ಷೆ ಇಲ್ಲ" ಅಂತ ಬರೆದುಕೊಂಡರು.

ಇದು ಹೊಸ ಆರೋಪವೂ ಅಲ್ಲ. 1863ರಿಂದ 1953ರವರೆಗೆ ಆಳಿದ ಫ್ರೆಂಚರೂ ಖ್ಮೇರರು, ಅಂದರೆ ಕಾಂಬೋಡಿಯಾದ ಜನ, ಆಲಸಿಗಳು ಅಂತಲೇ ಬರೆದರು. ಕಚೇರಿ ಕೆಲಸಕ್ಕೆ, ರಬ್ಬರ್ ತೋಟಕ್ಕೆ ವಿಯೆಟ್ನಾಮಿನವರನ್ನು ತಂದರು. ಆದರೆ ತೆರಿಗೆಯನ್ನೂ ಬಿಟ್ಟಿ ಚಾಕರಿಯನ್ನೂ ಹೇರಿದ್ದು ಇದೇ "ಆಲಸಿ" ರೈತರ ಮೇಲೆ. 1916ರಲ್ಲಿ ಸಹಿಸಲಾಗದೆ ಹತ್ತಾರು ಸಾವಿರ ರೈತರು ಹಳ್ಳಿಗಳಿಂದ ಫ್ನೋಮ್ ಪೆನ್‌ಗೆ ಹೊರಟು ಬಂದು ರಾಜನ ಮುಂದೆ ದೂರು ಹೇಳಿಕೊಂಡರು. ಇಂದಿಗೂ ವಿಯೆಟ್ನಾಮಿಗೆ ಹೋಲಿಸುವ ಚಟ ಹೋಗಿಲ್ಲ. ಅವರು ವರ್ಷಕ್ಕೆ ಮೂರು ಬೆಳೆ ತೆಗೆಯುತ್ತಾರೆ, ಇವರು ಒಂದು ತೆಗೆದು ಮಲಗುತ್ತಾರೆ ಅಂತ. ವಿಯೆಟ್ನಾಮಿನ ಮೆಕಾಂಗ್ ಮುಖಜ ಭೂಮಿಯಲ್ಲಿ ಕಾಲುವೆ ನೀರಿದೆ, ಕಾಂಬೋಡಿಯಾದ ಹೆಚ್ಚಿನ ಗದ್ದೆ ಮಳೆ ನಂಬಿದ್ದು. ಉತ್ತರ ಅಷ್ಟೇ. ಮಳೆಯಾಶ್ರಿತ ಬೇಸಾಯ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಬೇಸಿಗೆಯಲ್ಲಿ ಕಂಪೋಂಗ್ ಸ್ಪೂ ಕಡೆ ಹೋದರೆ ರೈತರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಒಂದಾದ ಮೇಲೊಂದು ತಾಳೆ ಮರ ಹತ್ತಿ ರಸ ಇಳಿಸುತ್ತಾರೆ, ಅದನ್ನು ಕಾಯಿಸಿ ಬೆಲ್ಲ ಮಾಡುತ್ತಾರೆ. ಆ ಬೆಲ್ಲಕ್ಕೆ 2010ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಮಧ್ಯಾಹ್ನ ಕಾರಿನಲ್ಲಿ ಹಾದು ಹೋಗುವ ವಿದೇಶಿಯರಿಗೆ ಕಾಣುವುದು ಮಾತ್ರ ಮನೆ ಕೆಳಗೆ ತೂಗುಮಂಚದಲ್ಲಿ ಮಲಗಿದವರು.

ಇದಕ್ಕೆ ಪೂರ್ತಿ ವಿರುದ್ಧವಾದ ಇನ್ನೊಂದು ಮಾತೂ ವಿದೇಶಿಯರದ್ದೇ. "ಎಷ್ಟು ಕಷ್ಟ ಬಂದರೂ ನಗುತ್ತಾ ಸಹಿಸುವ ಜನ" ಅನ್ನುತ್ತಾರೆ. 2023ರ ಮೇ ತಿಂಗಳಲ್ಲಿ ಫ್ನೋಮ್ ಪೆನ್‌ನಲ್ಲಿ ಆಗ್ನೇಯ ಏಷ್ಯಾ ಕ್ರೀಡಾಕೂಟ ನಡೆಯಿತು. 5000 ಮೀಟರ್ ಓಟದಲ್ಲಿ ಬೂ ಸಾಮ್ನಾಂಗ್ ಅನ್ನುವ ಹುಡುಗಿ, ರಕ್ತಹೀನತೆ ಇದ್ದವಳು, ಧೋ ಅಂತ ಸುರಿಯುವ ಮಳೆಯಲ್ಲಿ ಒಬ್ಬಳೇ ಓಡುತ್ತಿದ್ದಳು. ಗೆದ್ದವರು ಮುಟ್ಟಿ ಐದು ನಿಮಿಷಕ್ಕೂ ಜಾಸ್ತಿ ಆಗಿತ್ತು. ಕೊನೆಯವಳಾಗಿ ಅಳುತ್ತಾ ಗೆರೆ ದಾಟಿದಳು. ಆ ವಿಡಿಯೋ ಜಗತ್ತೆಲ್ಲ ಓಡಾಡಿತು, ನೋಡಿದಾಗ ನನಗೂ ಕಣ್ಣು ತುಂಬಿತು. ಆದರೆ ಈ ಹೊಗಳಿಕೆಯ ಬಗ್ಗೆಯೂ ನನಗೆ ಭಯ ಇದೆ. ಸಹಿಸುತ್ತಾರೆ ಅಂತ ಹೊಗಳಿದವರಿಗೆ ಇನ್ನಷ್ಟು ಸಹಿಸಲಿ ಬಿಡು ಅನ್ನಿಸಲು ಹೊತ್ತು ಬೇಕಾಗಿಲ್ಲ. ಕೊರಿಯಾದ ತರಕಾರಿ ತೋಟಗಳಲ್ಲಿ ಕಾಂಬೋಡಿಯಾದವರಿಗೆ ಒಳ್ಳೆಯ ದುಡಿಮೆಗಾರರು ಅಂತ ಹೆಸರಿದೆ. 2020ರ ಡಿಸೆಂಬರ್‌ನ ಕೊರೆಯುವ ಚಳಿಯಲ್ಲಿ ಅಂಥ ಒಬ್ಬ ಹೆಣ್ಣುಮಗಳು ಪ್ಲಾಸ್ಟಿಕ್ ಹಸಿರುಮನೆಯೊಳಗಿನ ವಸತಿಯಲ್ಲಿ ಸತ್ತುಹೋದಳು.

ಸಹಿಸುವುದಿಲ್ಲ ಅಂತ ಅವರು ತೋರಿಸಿದ್ದೂ ಇದೆ. 2013ರ ಕೊನೆಗೆ 160 ಡಾಲರ್ ಸಂಬಳ ಬೇಕು ಅಂತ ಗಾರ್ಮೆಂಟ್ಸ್‌ನವರು ಬೀದಿಗೆ ಬಂದರು. 2014ರ ಜನವರಿ 3ರಂದು ಫ್ನೋಮ್ ಪೆನ್‌ನ ವೆಂಗ್ ಸ್ರೆಂಗ್ ರಸ್ತೆಯಲ್ಲಿ ಗುಂಡು ಹಾರಿ ಕನಿಷ್ಠ ನಾಲ್ವರು ಸತ್ತರು. ಆಮೇಲಿನ ವರ್ಷಗಳಲ್ಲಿ ಸಂಬಳ ಏರಿದ್ದನ್ನು ಮೇಲೆ ಹೇಳಿದ್ದೇನಲ್ಲ, ಅದರ ಹಿಂದೆ ಈ ರಕ್ತ ಇದೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ನಿಯಮದ ವಿರುದ್ಧ ನಮ್ಮ ಹೆಣ್ಣುಮಕ್ಕಳು ಹೊಸೂರು ರಸ್ತೆ ತಡೆದಾಗಲೂ ಜನ "ಇವರಾ?" ಅಂತ ಆಶ್ಚರ್ಯಪಟ್ಟಿದ್ದರು.

ಹಿಡಿದ ಕೆಲಸ ಮುಗಿಸುವ ಛಲದ ಬಗ್ಗೆ ಕೇಳಿದಿರಲ್ಲ, ಅಂಕೋರ್‌ಗೆ ಹೋದಾಗ ಬಾಫುವಾನ್ ದೇವಸ್ಥಾನ ನೋಡಿ ಬನ್ನಿ. ಹನ್ನೊಂದನೇ ಶತಮಾನದ ಶಿವಾಲಯ. ಕುಸಿಯುತ್ತಿತ್ತು ಅಂತ 1960ರ ದಶಕದಲ್ಲಿ ಫ್ರೆಂಚ್ ತಜ್ಞರ ಮೇಲ್ವಿಚಾರಣೆಯಲ್ಲಿ ಕಲ್ಲು ಕಲ್ಲಾಗಿ ಬಿಚ್ಚಿದರು. ಸುಮಾರು 3 ಲಕ್ಷ ಕಲ್ಲುಗಳು. ಯುದ್ಧ ಬಂತು, ಯಾವ ಕಲ್ಲು ಎಲ್ಲಿಯದು ಅನ್ನುವ ದಾಖಲೆ ನಾಶವಾಯಿತು. ಕಲ್ಲುಗಳು ಕಾಡಿನಲ್ಲಿ ಚೆಲ್ಲಿಕೊಂಡು ಬಿದ್ದವು. ಗಾರೆ ಹಾಕದೆ ಜೋಡಿಸಿದ ಕಟ್ಟಡ ಅದು, ಒಂದೊಂದು ಕಲ್ಲಿಗೂ ಅದರದ್ದೇ ಒಂದು ಜಾಗ. 1995ರಲ್ಲಿ ಮತ್ತೆ ಶುರು ಮಾಡಿ 2011ರಲ್ಲಿ ಮುಗಿಸಿದರು. ಬಿಸಿಲಲ್ಲಿ ನಿಂತು ಕಲ್ಲು ಅಳೆದು, ಹೊಂದಿಸಿ, ಹೊಂದದಿದ್ದರೆ ತೆಗೆದು, ಇನ್ನೊಂದು ಇಟ್ಟು ನೋಡಿದ ಕೈಗಳು ಕಾಂಬೋಡಿಯಾದವರದ್ದು. ಹದಿನಾರು ವರ್ಷ! ಆ ಕೆಲಸ ತಮ್ಮದು ಅಂತ ಅವರಿಗೆ ಅನ್ನಿಸಿತ್ತು.

ಶಾಲೆಯ ಕಥೆಯೂ ಹಾಗೆಯೇ. ಖ್ಮೇರ್ ರೂಜ್ ಕಾಲದಲ್ಲಿ ಶಿಕ್ಷಕರಲ್ಲಿ ಬಹುಪಾಲು ಜನ ಸತ್ತರು ಇಲ್ಲವೇ ಓಡಿಹೋದರು. 2014ರಲ್ಲಿ ಹನ್ನೆರಡನೇ ತರಗತಿ ಪರೀಕ್ಷೆಯಲ್ಲಿ ನಕಲು ಪೂರ್ತಿ ನಿಲ್ಲಿಸಿದಾಗ ಪಾಸಾದವರು ಬರೀ ಶೇ. 26. ಹಿಂದಿನ ವರ್ಷ ಶೇ. 87 ಇತ್ತು. ಮಕ್ಕಳು ಕೂತು ಓದಿದರು. 2015ರಲ್ಲಿ ಸುಮಾರು ಶೇ. 56, 2016ರಲ್ಲಿ ಶೇ. 62.

ಅಮೆರಿಕಕ್ಕೆ ಹೋದವರನ್ನು ನೋಡಿ. 1975ರಲ್ಲಿ ನಿರಾಶ್ರಿತರಾಗಿ ಹೋದ ಟೆಡ್ ನೋಯ್ ಡೋನಟ್ ಮಾಡುವುದನ್ನು ಕಲಿತು ಅಂಗಡಿ ಮೇಲೆ ಅಂಗಡಿ ತೆರೆದರು, ತಮ್ಮವರನ್ನು ಕರೆಸಿ ಕಲಿಸಿದರು. ದಕ್ಷಿಣ ಕ್ಯಾಲಿಫೋರ್ನಿಯಾದ ಚಿಕ್ಕಪುಟ್ಟ ಡೋನಟ್ ಅಂಗಡಿಗಳಲ್ಲಿ ಬಹುಪಾಲು ಕಾಂಬೋಡಿಯಾ ಮೂಲದವರದ್ದೇ ಆದವು. ನಡುರಾತ್ರಿ ಎದ್ದು ಹಿಟ್ಟು ನಾದುವ ಕೆಲಸ ಅದು. ಜನ ಅವರೇ, ಆದರೆ ಗಲ್ಲಾಪೆಟ್ಟಿಗೆ ತಮ್ಮದಾಗಿತ್ತು.

ಇನ್ನು ನಿಮಗೆ ನಿಜವಾಗಿ ಎದುರಾಗುವ ತೊಂದರೆ ಹೇಳುತ್ತೇನೆ. ತಪ್ಪಾಗಿದ್ದರೆ ಅವರಾಗಿ ಬಂದು ಹೇಳುವುದಿಲ್ಲ. ಅರ್ಥವಾಯಿತಾ ಅಂದರೆ ಅರ್ಥವಾಗದಿದ್ದರೂ ಹೂಂ ಅನ್ನುತ್ತಾರೆ. ಹೊಲಿಗೆ ಕೆಟ್ಟ ಬಂಡಲ್ ಚೆಕಿಂಗ್ ಟೇಬಲ್‌ಗೆ ಬಂದ ಮೇಲೆಯೇ ನಿಮಗೆ ಗೊತ್ತಾಗುವುದು. ಇದಕ್ಕೆ ಅರ್ಧ ಕಾರಣ ನಾವೇ. ಚೀನೀ ಭಾಷೆಯಲ್ಲಿ ಹೊರಟ ಮಾತು ದುಭಾಷಿಯನ್ನು ದಾಟಿ ಲೈನಿಗೆ ಬರುವಾಗ ಬೇರೆಯೇ ಆಗಿರುತ್ತದೆ. ಹಾಗಾಗಿ ಬಾಯಲ್ಲಿ ಹೇಳಬೇಡಿ, ಒಂದು ಪೀಸ್ ನೀವೇ ಕೂತು ಹೊಲಿದು ತೋರಿಸಿ, ಆಮೇಲೆ ಅವರ ಕೈಯಲ್ಲಿ ಒಂದು ಹೊಲಿಸಿ ನೋಡಿ.

ಮತ್ತೆ, ದಯವಿಟ್ಟು ಕೂಗಾಡಬೇಡಿ. ನಮ್ಮ ಗಾರ್ಮೆಂಟ್ಸ್‌ಗಳಲ್ಲಿ ಟಾರ್ಗೆಟ್ ತಪ್ಪಿದರೆ ಎಲ್ಲರೆದುರು ಬೈಯುವ ಕೆಟ್ಟ ಅಭ್ಯಾಸ ಇದೆಯಲ್ಲ, ಅದನ್ನು ವಿಮಾನ ಹತ್ತುವ ಮೊದಲೇ ಬಿಡಿ. ಅಲ್ಲಿ ಎಲ್ಲರ ಮುಂದೆ ಒಬ್ಬಳನ್ನು ಬೈದರೆ ಅವಳು ತಿರುಗಿ ಮಾತಾಡುವುದಿಲ್ಲ, ಮಾರನೇ ದಿನ ಬರುವುದಿಲ್ಲ. ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರೆ ಅದೇ ಸಂಜೆ ಸರಿ ಮಾಡುತ್ತಾರೆ.

ಅಂಕೆಗಳು, ನಮಸ್ಕಾರ, ಊಟ ಆಯ್ತಾ, ಇಷ್ಟನ್ನಾದರೂ ಅವರ ಖ್ಮೇರ್ ಭಾಷೆಯಲ್ಲಿ ಕಲಿತು ಹೋಗಿ. ಏಪ್ರಿಲ್ ಮತ್ತು ಪ್ಚುಮ್ ಬೆನ್ ವಾರಗಳನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ, ಆ ದಿನಗಳಿಗೆ ಶಿಪ್‌ಮೆಂಟ್ ಒಪ್ಪಿಕೊಳ್ಳಬೇಡಿ ಅಂತ ಆರ್ಡರ್ ನೋಡಿಕೊಳ್ಳುವ ಮರ್ಚಂಡೈಸರ್‌ಗೆ ಮೊದಲೇ ಹೇಳಿ. ನೀವು ಪ್ರೊಡಕ್ಷನ್‌ಗೆ ಹೋಗುತ್ತಿದ್ದೀರಾ, ಕ್ವಾಲಿಟಿಗಾ ಅಂತ ಕಾಮೆಂಟಿನಲ್ಲಿ ಬರೆಯಿರಿ, ಅದಕ್ಕೆ ತಕ್ಕಂತೆ ಇನ್ನಷ್ಟು ಹೇಳುತ್ತೇನೆ.